ಕಡೆಯ ಕಾರು ಗೆರೆ ದಾಟುವ ತನಕ

ನಮ್ಮೂರಿನ ಎರಡನೇ ದರ್ಜೆಯ ಕಾರು ಪಂದ್ಯದ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದಾಗ ನಾನು ನಕ್ಕುಬಿಟ್ಟೆ. ಗೆದ್ದವರು ಊರ ತುಂಬ ಇದ್ದಾರೆ, ಅವರನ್ನೆಲ್ಲ ಬಿಟ್ಟು ಹದಿನಾಲ್ಕು ವರ್ಷ ಒಂದೇ ಸಮನೆ ಕಡೆಯವನಾಗಿ ಬಂದ ನನ್ನನ್ನು ಯಾಕೆ ಹಿಡಿದಿರಿ ಎಂದು ಕೇಳಿದೆ. ಸಮಿತಿಯ ಅಧ್ಯಕ್ಷರಾದ ಪಾಪಣ್ಣ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಗೆದ್ದೋರು ಏನು ನೋಡಿರ್ತಾರೆ ಚಿಕ್ಕೀರಯ್ಯ? ಬರೀ ಖಾಲಿ ರಸ್ತೆ ನೋಡಿರ್ತಾರೆ. ಹಿಂದೆ ಇದ್ದೋನಿಗೇ ಅಲ್ವೆ ಎಲ್ಲರೂ ಕಾಣೋದು?" ಎಂದರು. ಮಾತು ನ್ಯಾಯವಾಗಿತ್ತು, ಒಪ್ಪಿಕೊಂಡೆ. ಹೊರಡುವಾಗ ಮಾತ್ರ ಅವರು ಹೊಸಿಲ ಮೇಲೆ ನಿಂತು ದನಿ ತಗ್ಗಿಸಿ, "ನಲವತ್ತನೇ ವರ್ಷದ್ದು ಎರಡು ಸಾಲಲ್ಲಿ ಮುಗಿಸ್ಬಿಡಪ್ಪ, ಊರ ಮರ್ಯಾದೆ ಪ್ರಶ್ನೆ" ಎಂದು ಹೇಳಿ ಹೋದರು. ನಾನೂ ಆಗಲಿ ಎಂದು ತಲೆಯಾಡಿಸಿದೆ. ಆದರೆ ಬರೆಯಲು ಕೂತ ಮೇಲೆ ಮೊದಲ ಮೂವತ್ತೊಂಬತ್ತು ವರ್ಷಗಳೇ ಬೇಕಾದ ಹಾಗೆ ಕುಗ್ಗುತ್ತಿವೆ, ನಲವತ್ತನೆಯದು ಕುಗ್ಗುತ್ತಿಲ್ಲ. ಮೇಷ್ಟ್ರು ಕ್ಷಮಿಸಬೇಕು.

ಮೊದಲ ದರ್ಜೆಯ ಪಂದ್ಯ ನಡೆಯುವುದು ಹೊಳೆಯಾಚೆಯ ಊರಿನಲ್ಲಿ. ಅಲ್ಲಿ ಸಿಮೆಂಟಿನ ರಸ್ತೆ ಇದೆ, ಬಿಳಿ ಟೋಪಿಯ ಅಧಿಕಾರಿಗಳಿದ್ದಾರೆ. ಬಹಳ ಹಿಂದೆ ನಮ್ಮೂರಿನಿಂದ ಹನ್ನೊಂದು ಕಾರುಗಳು ಅಲ್ಲಿಗೆ ಹೋಗಿದ್ದವಂತೆ. ಗೇಟಿನಲ್ಲಿದ್ದವನು ಒಂದೊಂದನ್ನೂ ಸುತ್ತು ಬಂದು ನೋಡಿದ. ಒಂದರ ನೆತ್ತಿಯ ಮೇಲೆ ಸೌದೆ ಹೇರುವ ಕ್ಯಾರಿಯರ್ ಇತ್ತು, ಒಂದರ ಬಾಗಿಲನ್ನು ಹಗ್ಗದಲ್ಲಿ ಕಟ್ಟಿತ್ತು, ಇನ್ನೊಂದರ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. "ಇವೆಲ್ಲ ಎರಡನೇ ದರ್ಜೆ" ಎಂದು ಹನ್ನೊಂದನ್ನೂ ಹಿಂದಕ್ಕೆ ಕಳಿಸಿದ. ಬರುವಾಗ ಎಲ್ಲರೂ ಮುಖ ಗಂಟು ಹಾಕಿಕೊಂಡಿದ್ದರು. ನಮ್ಮ ಆಸ್ಪತ್ರೆಯ ಕಾಂಪೌಂಡರ್ ಈರಣ್ಣಯ್ಯನವರೊಬ್ಬರು ಮಾತ್ರ, "ರೈಲಲ್ಲೂ ಎರಡನೇ ದರ್ಜೆ ಇಲ್ವೇನ್ರಯ್ಯ? ಅದೇನು ಬೇರೆ ಊರಿಗೆ ಹೋಗುತ್ತಾ? ನಡೀರಿ, ನಮ್ಮೂರಲ್ಲೇ ಒಂದು ಪಂದ್ಯ ಕಟ್ಟೋಣ" ಎಂದರಂತೆ.

ಹಾಗೆ ಪಂದ್ಯ ಹುಟ್ಟಿತು. ಮನೆಮಂದಿಯೆಲ್ಲ ಕೂತು ತಿರುಗಾಡುವ ಕಾರೇ ಆಗಬೇಕು, ಪಂದ್ಯಕ್ಕೆಂದೇ ಕೊಂಡದ್ದು ಆಗಕೂಡದು. ಬಸ್ ನಿಲ್ದಾಣದ ಮುಂದೆ ಎಳೆದ ಸುಣ್ಣದ ಗೆರೆಯಿಂದ ಹೊರಟು, ಹತ್ತಿ ಮಂಡಿ, ಆಸ್ಪತ್ರೆ, ಕೆರೆಯ ಏರಿ ಎಲ್ಲ ಬಳಸಿಕೊಂಡು ಬಂದರೆ ಎರಡೂವರೆ ಮೈಲಿಯ ಒಂದು ಸುತ್ತು. ಅಂಥ ನೂರೆಂಟು ಸುತ್ತು ಹಾಕಬೇಕು. ವೇಗಕ್ಕಿಂತ ತಾಳಿಕೆ ಮುಖ್ಯ ಎಂದು ಈರಣ್ಣಯ್ಯನವರು ಬಾವುಟದ ಮೇಲೆ 'ತಾಳಿದವನು ಬಾಳಿಯಾನು' ಎಂದು ಬರೆಸಿದರು. ಮೊದಲ ವರ್ಷ ಗೆದ್ದವರಾರು ಎಂಬುದು ದಾಖಲೆಯಲ್ಲಿದೆ, ನೆನಪಿನಲ್ಲಿಲ್ಲ. ಕಡೆಯವರಾಗಿ ಬಂದದ್ದು ಮಾತ್ರ ಈರಣ್ಣಯ್ಯನವರೇ. ದಾರಿಯಲ್ಲಿ ಯಾರು ಕೈ ಅಡ್ಡ ಹಾಕಿದರೂ ಕಾರು ನಿಲ್ಲಿಸಿ ಇಂಜೆಕ್ಷನ್ ಕೊಟ್ಟು ಮುಂದೆ ಹೋಗುತ್ತಿದ್ದರಂತೆ. ಸಂಜೆ ಆರಾದರೂ ಅವರಿಗೆ ಇನ್ನೂ ಒಂಬತ್ತು ಸುತ್ತು ಬಾಕಿಯಿತ್ತು. ಸೂರ್ಯ ಕರಡಿಗುಡ್ಡದ ಮೇಲೆ ಒಂದು ಮಾರು ಎತ್ತರದಲ್ಲಿದ್ದ. ಏಳಾಯಿತು, ಎಂಟಾಯಿತು. ಸೂರ್ಯ ಅಲ್ಲೇ ಇದ್ದ.

ಅದನ್ನು ಮೊದಲು ಗಮನಿಸಿದವರು ಟೆಂಟ್ ಸಿನಿಮಾದ ಯಜಮಾನರು, ಈಗಿನ ಜಬ್ಬಾರ್ ಸಾಹೇಬರ ತಂದೆ. ಟೆಂಟಿನ ತೂತುಗಳಿಂದೆಲ್ಲ ಬಿಸಿಲು ಬರುತ್ತಿದ್ದರೆ ಪರದೆಯ ಮೇಲೆ ಏನು ಕಂಡೀತು? ಜನ ಕೂತು ಕೂತು ಕಡಲೆಕಾಯಿ ಮುಗಿಸಿದರು. ಕಡೆಗೆ ಈರಣ್ಣಯ್ಯನವರ ಕಾರು ಕೆಮ್ಮುತ್ತ ಬಂದು ಗೆರೆ ದಾಟಿತು. ದಾಟಿದ್ದೇ ತಡ, ಬಾವಿಗೆ ಕಲ್ಲು ಬಿದ್ದ ಹಾಗೆ ಸೂರ್ಯ ಗುಡ್ಡದ ಹಿಂದಕ್ಕೆ ಬಿದ್ದ. ಬೀದಿಯಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಯಾರೋ ಕತ್ತಲಲ್ಲಿ ಈರಣ್ಣಯ್ಯನವರ ಕೈಗೆ ಒಂದು ಲಾಂದ್ರ ತುರುಕಿದರು, ಅವರು ಹಚ್ಚಿದರು. ಅಂದಿನಿಂದ ಗೆದ್ದವನಿಗೆ ಹಿತ್ತಾಳೆಯ ತಂಬಿಗೆ, ಕಡೆಯವನ ಕೈಗೆ ಲಾಂದ್ರ ಎಂದು ಪದ್ಧತಿಯಾಯಿತು. ಊರಿನ ಮೊದಲ ದೀಪ ಅದು, ಅದನ್ನು ನೋಡಿಯೇ ಮಿಕ್ಕ ಮನೆಗಳವರು ದೀಪ ಹಚ್ಚುವುದು.

ಇದು ಯಾಕೆ ಹೀಗೆ ಎಂದು ನಮ್ಮೂರಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಮಳೆ ಯಾಕೆ ಬರುತ್ತದೆ ಎಂದು ಕೇಳುತ್ತ ಕೂತವರು ಬಟ್ಟೆ ಎತ್ತುವುದು ಯಾವಾಗ? ನಾಲ್ಕನೆಯ ವರ್ಷದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಅನುಕೂಲ ನೋಡಿಕೊಂಡಿದ್ದರು. ಸಂಡಿಗೆ ಹಾಕುವ ಹೆಂಗಸರು ವರ್ಷದ ಸಂಡಿಗೆಯನ್ನೆಲ್ಲ ಆ ದಿನಕ್ಕೇ ಇಟ್ಟುಕೊಂಡರು, ಸಂಜೆಯ ಎಳೆಬಿಸಿಲಿಗೆ ಒಣಗಿದ ಸಂಡಿಗೆ ಬಿರುಕು ಬಿಡುವುದಿಲ್ಲವಂತೆ. ಆ ಸಂಡಿಗೆಗೆ ಎಷ್ಟು ಮಾನ ಬಂತೆಂದರೆ, ಶುಭಕಾರ್ಯಕ್ಕೆ ನೆಂಟರನ್ನು ಕರೆಯಬೇಕಾದರೆ ಮೊದಲು ಸಂಡಿಗೆ ಕಳಿಸಿ ಆಮೇಲೆ ಕಾಗದ ಬರೆಯುವುದು ರೂಢಿಯಾಯಿತು. ಪಂದ್ಯ ರಂಜಾನ್ ತಿಂಗಳಲ್ಲಿ ಬಿದ್ದ ವರ್ಷ ಉಪವಾಸವಿದ್ದವರೆಲ್ಲ ಖರ್ಜೂರ ಜೇಬಿನಲ್ಲಿಟ್ಟುಕೊಂಡು ಕಡೆಯ ಕಾರನ್ನು ಹಿಂದಿನಿಂದ ನೂಕಿದರು. ಅದೇ ದಿನ ಸಂಕಷ್ಟಿಯೂ ಇತ್ತು, ಸೂರ್ಯ ಮುಳುಗಿ ಚಂದ್ರ ಹುಟ್ಟುವ ತನಕ ಬಾಯಿಗೆ ನೀರು ಬಿಡದವರೂ ಬಂದು ಒಂದೊಂದು ಕೈ ಹಾಕಿದರು. ಕಡೆಯ ಕಾರಿನ ವೇಗದ ದಾಖಲೆ ಇವತ್ತಿಗೂ ಆ ವರ್ಷದ್ದೇ.

ಹದಿನೇಳನೆಯ ವರ್ಷ ಮಾತ್ರ ಕೆಟ್ಟದಾಗಿ ಹೋಯಿತು. ಕಡೆಯ ಕಾರಿನ ಅಚ್ಚು ಮುರಿದು, ಹೊಸದು ಹೊಳೆಯಾಚೆಯಿಂದ ಬರಬೇಕಾಯಿತು. ಹೊಳೆಯಾಚೆ ಮೂರು ರಾತ್ರಿ ಕಳೆಯಿತು, ನಮ್ಮಲ್ಲಿ ಒಂದೂ ಆಗಲಿಲ್ಲ. ಹಸುಗಳು ಮನೆಗೆ ಹೋಗುವುದೋ ಬೇಡವೋ ತಿಳಿಯದೆ ಊರ ಬಾಗಿಲಲ್ಲೇ ನಿಂತವು. ಶಾಲೆ ಬಿಡಬೇಕೆಂದು ಯಾರಿಗೂ ತೋಚದೆ ಪಾಪಣ್ಣ ಮೇಷ್ಟ್ರು ಇಡೀ ವರ್ಷದ ಪಾಠವನ್ನು ಮುಗಿಸಿ ಮುಂದಿನ ತರಗತಿಯದನ್ನು ಶುರು ಮಾಡಿದ್ದರಂತೆ. ಇವತ್ತಿಗೂ ನಮ್ಮೂರಿನ ಹಬ್ಬಗಳು ಮೂರು ದಿನ ತಡ. ಅದಾದ ಮೇಲೆ ಸಮಿತಿ ಎರಡು ನಿಯಮ ಮಾಡಿತು. ಚಾಲಕ ಬೇಡ ಎಂದರೆ ಅವನ ಕಾರನ್ನು ಯಾರೂ ಮುಟ್ಟಿ ನೂಕುವಂತಿಲ್ಲ. ಆದರೆ ಕಾರು ತೀರ ತಡ ಮಾಡಿದರೆ ಸಮಿತಿಯವರು ಕೊಡದವಳನ್ನು ಕಳಿಸಬಹುದು. ಕೊಡದವಳೆಂದರೆ ಪ್ರತಿ ವರ್ಷ ಚೀಟಿ ಎತ್ತಿ ಆರಿಸಿದ ಒಬ್ಬ ಹೆಂಗಸು. ಅವಳು ಕೆರೆಯಿಂದ ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು, ತುಳುಕಿಸದೆ ನಡೆದು, ಕಾರನ್ನು ಹಿಂದೆ ಹಾಕಿದರೆ ಮುಗಿಯಿತು. ಆ ಕಾರು ಪಂದ್ಯದಲ್ಲಿ ಇರಲೇ ಇಲ್ಲವೆಂದು ಲೆಕ್ಕ, ಚಾಲಕನ ಹೆಸರನ್ನು ಹಳೆಯ ದಾಖಲೆಗಳಿಂದಲೂ ಅಳಿಸುತ್ತಾರೆ, ಸೂರ್ಯ ತಾನಾಗಿ ಇಳಿಯುತ್ತಾನೆ. ಇಪ್ಪತ್ತೆರಡು ವರ್ಷ ಆ ನಿಯಮವನ್ನು ಬಳಸುವ ಪ್ರಸಂಗವೇ ಬರಲಿಲ್ಲ. ಅವಳು ಕೊಡ ಹೊರಲು ತಲೆಗೆ ಸಿಂಬಿ ಸುತ್ತುವುದನ್ನು ಕಂಡರೆ ಸಾಕು, ಎಂಥ ಮುದಿ ಕಾರಿಗೂ ಪ್ರಾಯ ಬರುತ್ತಿತ್ತು.

ಇನ್ನು ನನ್ನ ಕಥೆ. ನನ್ನದು ಡ್ರೈವಿಂಗ್ ಕಲಿಸುವ ಶಾಲೆ. ಶಾಲೆಯೆಂದರೆ ಒಂದು ಬೋರ್ಡು, ಒಂದು ಕಾರು, ನಾನು. ಕಲಿಸುವ ಕಾರಾದ್ದರಿಂದ ಅದಕ್ಕೆ ಎರಡು ಬ್ರೇಕುಗಳಿವೆ, ಓಡಿಸುವವರ ಕಾಲಡಿಗೆ ಒಂದು, ಎಡಗಡೆ ಕೂರುವ ನನ್ನ ಕಾಲಡಿಗೆ ಇನ್ನೊಂದು. ಇಪ್ಪತ್ತು ವರ್ಷ ಬೇರೆಯವರ ತಪ್ಪಿಗೆ ಬ್ರೇಕು ತುಳಿದು ತುಳಿದು ನನ್ನ ಸ್ವಭಾವವೇ ಹಾಗಾಗಿತ್ತು. ಪಂದ್ಯದಲ್ಲೂ ಪ್ರತಿ ತಿರುವಿನಲ್ಲಿ ಕೈ ಹೊರಗೆ ಚಾಚಿ ಸನ್ನೆ ಮಾಡುತ್ತಿದ್ದೆ, ಕೋಳಿ ಅಡ್ಡ ಬಂದರೆ ಅದು ದಾಟಿ ಅದರ ಮರಿಗಳೂ ದಾಟುವ ತನಕ ನಿಲ್ಲುತ್ತಿದ್ದೆ. ಹೀಗಾಗಿ ನಲವತ್ತನೆಯ ಪಂದ್ಯದ ಹೊತ್ತಿಗೆ ಹದಿಮೂರು ಲಾಂದ್ರಗಳು ನನ್ನ ಮನೆಯ ಗೋಡೆಯ ಮೇಲಿದ್ದವು. ವಯಸ್ಸು ನಲವತ್ತೈದು, ಮದುವೆಯಾಗಿರಲಿಲ್ಲ. ಅಲ್ಲೂ ನಾನು ಸನ್ನೆ ಮಾಡಿಕೊಂಡೇ ನಿಂತಿದ್ದೆ, ಎಲ್ಲರೂ ದಾಟಿ ಹೋದರು.

ನಲವತ್ತನೆಯ ಪಂದ್ಯಕ್ಕೆ ಎರಡು ತಿಂಗಳಿದ್ದಾಗ ದೇವೀರಮ್ಮ ಕಾರು ಕಲಿಯಲು ಬಂದಳು. ಸಂಡಿಗೆ ಮಾಡಿ ಮಾರುವವಳು, ನಲವತ್ತು ದಾಟಿದವಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹೊಳೆಯಾಚೆ ಇರುವ ಅಣ್ಣ ಬಂದು ತನ್ನ ಮನೆಯಲ್ಲಿರು ಎಂದು ವರ್ಷಕ್ಕೊಮ್ಮೆ ಕರೆಯುತ್ತಿದ್ದ, ಇವಳು ವರ್ಷಕ್ಕೊಮ್ಮೆ ಇಲ್ಲವೆನ್ನುತ್ತಿದ್ದಳು. ಮೊದಲ ದಿನ ನಾನು ನನ್ನ ಬ್ರೇಕನ್ನು ನಲವತ್ತು ಸಲವಾದರೂ ತುಳಿದಿರಬೇಕು. ಮೂರನೆಯ ದಿನ ನಾಲ್ಕು ಸಲ. ಎರಡನೆಯ ವಾರದಲ್ಲಿ ಕೆರೆ ಏರಿಯ ಕುರುಡು ತಿರುವನ್ನು, ನಾನು ಹೇಳಿಕೊಟ್ಟ ಹಾಗೆ ಹಾರನ್ ಹೊಡೆದು, ಒಂದಿಷ್ಟೂ ಅಳುಕದೆ ತಿರುಗಿಸಿದಳು. ಆಗ ನೋಡಿಕೊಂಡೆ, ನನ್ನ ಕಾಲಿಗೆ ಕೆಲಸವೇ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಾರಿನ ಕಿಟಕಿಯಿಂದ ಕೆರೆ ನೋಡಿದೆ. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆ ತಿರುವಿನಲ್ಲಿ, ಇದನ್ನು ಮುಚ್ಚಿಟ್ಟು ಏನಾಗಬೇಕಾಗಿದೆ?

ಪಂದ್ಯಕ್ಕೆ ಒಂದು ವಾರವಿದ್ದಾಗ ಧೈರ್ಯ ಮಾಡಿ ಅವಳ ಮನೆಗೆ ಹೋದೆ. ಅವಳು ಹಂಡೆಯಲ್ಲಿ ಸಂಡಿಗೆಯ ಹಿಟ್ಟು ತೊಳಸುತ್ತಿದ್ದಳು. ನಾನು ಕೇಳಬೇಕಾದ್ದನ್ನು ಕೇಳಿದೆ. ಸೌಟು ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು.

"ನೋಡಿ ಚಿಕ್ಕೀರಯ್ಯನೋರೆ, ಈ ಸಂಡಿಗೆ ಎತ್ತೋ ತನಕ ನನ್ನ ತಲೇಲಿ ಬೇರೆ ಏನೂ ಇಲ್ಲ. ಪಂದ್ಯದ ದಿನ ಹೊತ್ತು ಮುಳುಗಲಿ. ಮುಳುಗಿದ ಮೇಲೆ ಹೇಳ್ತೀನಿ."

"ಹೂಂ ಅಂತಲೋ, ಊಹೂಂ ಅಂತಲೋ?" ಎಂದೆ ನಾನು, ಪೆದ್ದನ ಹಾಗೆ.

"ಅದನ್ನೇ ಹೇಳ್ತೀನಿ ಅಂದಿದ್ದು" ಎಂದು ಅವಳು ಹಿಟ್ಟಿನ ಕಡೆ ತಿರುಗಿಕೊಂಡಳು. ಮರುದಿನ ಚೀಟಿ ಎತ್ತಿದಾಗ ಆ ವರ್ಷದ ಕೊಡದವಳಾಗಿ ಅವಳ ಹೆಸರೇ ಬಂತು. ನನ್ನ ಗ್ರಹಚಾರ ಅಷ್ಟು ಚೆನ್ನಾಗಿತ್ತು.

ಪಂದ್ಯದ ದಿನ ಬೆಳಿಗ್ಗೆ ಆರು ಗಂಟೆಗೆ ಹದಿನಾಲ್ಕು ಕಾರುಗಳು ಹೊರಟವು. ಅಂದು ನಾನು ನನ್ನ ಬಾಳಿನಲ್ಲೇ ಅತಿ ವೇಗವಾಗಿ ಓಡಿಸಿದೆ. ಸಂಜೆ ಬೇಗ ಆಗಲೆಂಬ ಆತುರ. ಕೋಳಿಗಳೇ ನನಗೆ ದಾರಿ ಬಿಟ್ಟವು. ಹಾಗಿದ್ದೂ ಮೂರು ಗಂಟೆಯ ಹೊತ್ತಿಗೆ ಮಿಕ್ಕವರೆಲ್ಲ ನನಗಿಂತ ಹತ್ತು ಸುತ್ತು ಮುಂದಿದ್ದರು, ಅದು ಬೇರೆ ಮಾತು. ಪ್ರತಿ ಸುತ್ತಿನಲ್ಲೂ ಹತ್ತಿ ಮಂಡಿಯ ಬಯಲಲ್ಲಿ ದೇವೀರಮ್ಮನ ಚಾಪೆಗಳು ಕಾಣುತ್ತಿದ್ದವು. ತೊಂಬತ್ತೈದನೆಯ ಸುತ್ತಿನಲ್ಲಿ ಅವಳು ಸಂಡಿಗೆ ಎತ್ತಲು ಶುರು ಮಾಡಿದ್ದಳು. ತೊಂಬತ್ತೆಂಟರಲ್ಲಿ ಚಾಪೆಗಳೂ ಇರಲಿಲ್ಲ, ಅವಳೂ ಇರಲಿಲ್ಲ.

ತೊಂಬತ್ತೊಂಬತ್ತನೆಯ ಸುತ್ತು ಮುಗಿಸಿ ಬಸ್ ನಿಲ್ದಾಣದ ಮುಂದೆ ಹಾಯುವಾಗ ಹೊಳೆಯಾಚೆಗೆ ಹೋಗುವ ಸಂಜೆ ಬಸ್ಸಿನ ಮೇಲೆ ಒಂದು ಟ್ರಂಕು ಕಂಡಿತು. ನೀಲಿ ಬಣ್ಣದ್ದು, ಮುಚ್ಚಳದ ಮೇಲೆ ಎರಡು ಗಿಳಿಗಳ ಚಿತ್ರ. ಅದನ್ನು ನಾನು ದೇವೀರಮ್ಮನ ನಡುಮನೆಯಲ್ಲಿ ನೋಡಿದ್ದೆ. ಕಾರಿನಿಂದಲೇ ಕಂಡಕ್ಟರ್ ಮಹಾಲಿಂಗನನ್ನು ಕೂಗಿ ಕೇಳಿದೆ.

"ದೇವೀರಮ್ಮೋರದು ಸ್ವಾಮಿ, ತವರಿಗೆ. ಹೊತ್ತು ಮುಳುಗುತ್ಲೂ ಹೊರಡ್ತೀವಿ, ನೀವು ಬೇಗ ಮುಗಿಸಿ!"

ಹೊತ್ತು ಮುಳುಗಿದ ಮೇಲೆ ಹೇಳುವುದೆಂದರೆ ಇದೇ. ಬಸ್ಸು ಹತ್ತಿ, ಕಿಟಕಿಯಿಂದ ಒಂದು ಮಾತು ಹೇಳಿ, ಅಣ್ಣನ ಮನೆಗೆ ಹೊರಟುಹೋಗುವುದು. ಎದುರು ನಿಂತು ಇಲ್ಲವೆನ್ನಲು ಅವಳಿಗೂ ಸಂಕೋಚವಾಗಿರಬೇಕು. ಸಂಜೆ ಬಸ್ಸು ಸಂಜೆಯಾಗದೆ ಹೊರಡುವುದಿಲ್ಲ. ಸಂಜೆ ಮಾಡುವವನು ನಾನು. ಇದು ಹೊಳೆಯುತ್ತಲೇ ನನ್ನ ಬಲಗಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೆದ್ದಿತು.

ನೂರನೆಯ ಸುತ್ತಿನಿಂದ ನಾನು ಮತ್ತೆ ಹಳೆಯ ಚಿಕ್ಕೀರಯ್ಯನಾದೆ. ಯಾರೂ ಇಲ್ಲದ ರಸ್ತೆಯಲ್ಲಿ ಸನ್ನೆ ಮಾಡಿದೆ. ಮೈಲಿಗಲ್ಲುಗಳನ್ನು ನಿಂತು ಓದಿದೆ. ಕೆರೆಯಿಂದ ಬಾತುಕೋಳಿಗಳ ಸಾಲೊಂದು ರಸ್ತೆಗೆ ಬಂದಿತ್ತು, ಅವು ದಾಟಲೋ ಬೇಡವೋ ಎಂದು ಯೋಚಿಸಲಿ ಎಂದು ಪುರಸೊತ್ತು ಕೊಟ್ಟೆ. ಮಿಕ್ಕ ಹದಿಮೂರು ಕಾರುಗಳು ಮುಗಿಸಿ, ತೊಳೆದು, ಮನೆಗೆ ಹೋದವು. ಗೆದ್ದವನು ತಂಬಿಗೆ ಹಿಡಿದು ಎರಡು ಸಲ ಮೆರವಣಿಗೆ ಹೋದ. ಸೂರ್ಯ ಕರಡಿಗುಡ್ಡದ ಮೇಲೆ ಒಂದು ಮಾರು ಎತ್ತರದಲ್ಲಿ ಬಂದು ನಿಂತ. ನೂರೆಂಟನೆಯ ಸುತ್ತಿಗೆ ಹೊರಟಾಗ ನಾನು ಮೊದಲ ಗೇರಿನಲ್ಲಿ, ಮನುಷ್ಯ ನಡೆಯುವ ವೇಗಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿ ಹೋಗುತ್ತಿದ್ದೆ. ಪಕ್ಕದಲ್ಲಿ ಜನ ಮಾತಾಡುತ್ತ ನಡೆದು ಬರಲು ಶುರು ಮಾಡಿದರು.

ಮೊದಲು ಬಂದವರು ಜಬ್ಬಾರ್ ಸಾಹೇಬರು. "ಅಣ್ಣಾ, ಟೆಂಟು ತುಂಬಿ ಕೂತಿದೆ. ಜನ ಎರಡು ಸಲ ಊಟ ಮಾಡಿ ಬಂದ್ರು. ಪರದೆ ಮೇಲೆ ಒಂದು ನರಪಿಳ್ಳೆ ಕಾಣ್ತಿಲ್ಲ. ಏನಾಗಿದೆ ಗಾಡಿಗೆ?"

"ಇಂಜಿನ್ ಬಿಸಿಯಾಗಿದೆ ಸಾಹೇಬ್ರೆ" ಎಂದೆ.

"ನೂಕ್ಲಾ?"

"ಬೇಡ."

ಆಮೇಲೆ ಬಂದವಳು ಬಸ್ಸಿನಲ್ಲಿ ಕೂತಿದ್ದ ಒಬ್ಬ ಅಜ್ಜಿ. "ಏನಪ್ಪ, ಮಗಳ ಬಾಣಂತನಕ್ಕೆ ಅಂತ ಹೊರಟಿದೀನಿ. ನಾನು ಹೋಗೋ ಹೊತ್ತಿಗೆ ಮಗು ಎದ್ದು ಬಂದು ಬಾಗಿಲು ತೆಗೀತದೇನೋ" ಎಂದು ಕಾರಿನ ಬಾಗಿಲಿಗೆ ಕೋಲಿನಿಂದ ಎರಡು ಕೊಟ್ಟು ಹೋದಳು. ನನಗೆ ನಾಚಿಕೆಯಾಯಿತು, ಆದರೆ ಕಾಲು ಕೆಳಗಿಳಿಯಲಿಲ್ಲ. ಹಗಲು ಕೆಲಸದ ದಾದಿ ಮನೆಗೆ ಹೋಗಲಾರದೆ, ರಾತ್ರಿ ಕೆಲಸದವಳು ಒಳಗೆ ಬರಲಾರದೆ, ಇಬ್ಬರೂ ಆಸ್ಪತ್ರೆಯ ಗೇಟಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಈರಣ್ಣಯ್ಯನವರು ಕಟ್ಟಿ ಬೆಳೆಸಿದ ಮರ್ಯಾದೆಯನ್ನೆಲ್ಲ ನಾನು ಒಂದೇ ಸುತ್ತಿನಲ್ಲಿ ಒಡೆಯುತ್ತಿದ್ದೆ.

ಕಡೆಗೆ ಪಾಪಣ್ಣ ಮೇಷ್ಟ್ರೇ ಕೊಡೆ ಹಿಡಿದುಕೊಂಡು ಬಂದರು. ಅವರ ಗಡಿಯಾರದ ಪ್ರಕಾರ ಹೊಳೆಯಾಚೆ ಆಗಲೇ ಬೆಳಗಿನ ಜಾವ ನಾಲ್ಕು ಗಂಟೆ.

"ಚಿಕ್ಕೀರಯ್ಯ, ನೀನು ಒಳ್ಳೆಯವನು. ನಿಜ ಹೇಳು, ಇಂಜಿನ್ ಬಿಸಿನಾ?"

ಎದುರಿಗೆ ತಿರುವೇ ಇರಲಿಲ್ಲ, ಆದರೂ ನಾನು ಕೈ ಹೊರಗೆ ಚಾಚಿ ಸನ್ನೆ ಮಾಡಿದೆ. ಇಂಜಿನ್ ಆ ಹೊತ್ತಿಗೆ ನಿಜವಾಗಿಯೂ ಬಿಸಿಯಾಗಿತ್ತು, ಅಷ್ಟು ಹೊತ್ತು ಮೊದಲ ಗೇರಿನಲ್ಲಿ ಎಳೆದರೆ ಇನ್ನೇನಾದೀತು.

"ಹಂಗಾದ್ರೆ ನನ್ನ ಮೇಲೆ ತಪ್ಪು ಹೊರಿಸಬೇಡ. ಕೊಡದವಳನ್ನ ಕಳಿಸ್ತೀನಿ" ಎಂದು ಮೇಷ್ಟ್ರು ಹಿಂದಿರುಗಿದರು. ಪಕ್ಕದಲ್ಲಿದ್ದ ಯಾರೋ, "ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ" ಎಂದು ನಕ್ಕರು.

ಕೆರೆ ಏರಿಯ ಮೇಲೆ ನನ್ನ ಕಾರು ಹತ್ತುತ್ತಿದ್ದಾಗ ದೇವೀರಮ್ಮ ಕೆರೆಯ ಮೆಟ್ಟಿಲಿನಿಂದ ಮೇಲೆ ಬಂದಳು. ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಯಿಯ ತನಕ ತುಂಬಿದ ಹಿತ್ತಾಳೆ ಕೊಡ. ಕುತ್ತಿಗೆ ಅಲುಗುತ್ತಿರಲಿಲ್ಲ, ಕಣ್ಣುಗಳು ಮಾತ್ರ ನನ್ನ ಕಡೆ ತಿರುಗಿದ್ದವು. ನಾಲ್ಕು ಹೆಜ್ಜೆಗೆ ಅವಳು ನನ್ನ ಕಿಟಕಿಯ ಸಮಕ್ಕೆ ಬಂದಳು. ಅಲ್ಲಿಗೆ ಬಂದು, ನನ್ನ ಮುಂದೆಯೂ ಹೋಗದೆ, ಹಿಂದೆಯೂ ಬೀಳದೆ, ಕಾರಿನ ಜೊತೆ ಜೊತೆಗೆ ನಡೆದಳು. ನೋಡುತ್ತಿದ್ದವರೆಲ್ಲ ಹಿಂದೆ ಉಳಿದರು.

"ಇನ್ನೊಂದು ಹೆಜ್ಜೆ ಹಾಕಿದ್ರೆ ಹದಿಮೂರು ವರ್ಷದ ಹೆಸರು ಅಳಿಸಿ ಹೋಗುತ್ತೆ, ಗೊತ್ತಲ್ಲ?" ಎಂದಳು, ತಲೆ ತಿರುಗಿಸದೆ.

"ಗೊತ್ತು."

"ಹಾಕ್ಲಾ?"

"ಬೇಡ ದೇವೀರಮ್ಮ."

"ಹಂಗಾದ್ರೆ ಯಾಕೆ ಹಿಂಗೆ ತೆವಳ್ತಿದೀರಿ? ನಂಗೆ ಕತ್ತು ನೋಯ್ತಾ ಇದೆ."

ನಾನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡು ಕೇಳಿದೆ. "ಬಸ್ಸಿನ ಮೇಲಿರೋ ಟ್ರಂಕು ನಿಮ್ದಾ?"

"ನಂದೇ."

"ಹೊರಟುಬಿಟ್ರಾ?"

ಕೊಡದ ನೀರು ಅಂಚಿನ ತನಕ ಬಂದು ಹಿಂದಕ್ಕೆ ಹೋಯಿತು. "ಓ, ಇದಾ ವಿಷ್ಯ" ಎಂದಳು. "ಹೊತ್ತು ಮುಳುಗಲಿ, ಹೇಳ್ತೀನಿ."

"ಈಗ್ಲೇ ಹೇಳ್ಬಿಡಿ. ಏನೇ ಇದ್ರೂ ಹೇಳ್ಬಿಡಿ. ಆಮೇಲೆ ನಾನು ಬೇಗ ಹೋಗ್ತೀನಿ."

"ಅದೆಲ್ಲ ಆಗಲ್ಲ. ಮುಳುಗಿದ ಮೇಲೆ ಅಂತ ಮಾತು ಕೊಟ್ಟಿದೀನಿ. ಮುಳುಗಿಸೋರು ನೀವು." ಅವಳ ದನಿಯಲ್ಲಿ ಈಗ ಸ್ವಲ್ಪ ಸಿಟ್ಟಿತ್ತು. "ಅಲ್ಲ ಚಿಕ್ಕೀರಯ್ಯನೋರೆ, ನಂಗೆ ಹೇಳಿಕೊಟ್ಟಿದ್ದು ನೀವೇ ಅಲ್ವಾ? ತಿರುವಿನಾಚೆ ಏನಿದೆ ಅಂತ ಕಾಣ್ದೇ ಇದ್ರೆ ಹಾರನ್ ಹೊಡೆದು ಹೋಗ್ಬೇಕು ಅಂತ ಹೇಳಿಕೊಟ್ರಿ. ಅಲ್ಲೇ ನಿಂತ್ಕೊಂಡು ಊರೋರಿಗೆಲ್ಲ ಬೆಳಕು ಹಿಡೀಬೇಕು ಅಂತ ಹೇಳಿಕೊಟ್ರಾ?"

ಮುಂದೆ ಅದೇ ಕುರುಡು ತಿರುವು ಬರುತ್ತಿತ್ತು. ಅದನ್ನು ದಾಟಿದರೆ ಇಳಿಜಾರು, ಇಳಿಜಾರು ಮುಗಿದರೆ ಬಸ್ ನಿಲ್ದಾಣ, ಸುಣ್ಣದ ಗೆರೆ. ದೇವೀರಮ್ಮ ಹೆಜ್ಜೆ ಬಿರುಸು ಮಾಡಿದಳು. ಅವಳು ಬಿರುಸು ಮಾಡಿದಷ್ಟೂ ನಾನೂ ಮಾಡಬೇಕಾಯಿತು, ಇಲ್ಲದಿದ್ದರೆ ಅವಳು ನನ್ನನ್ನು ದಾಟಿಬಿಡುತ್ತಿದ್ದಳು. ನಾನೂ ಅವಳೂ ಹಾಗೆ ಒಂದು ನೂರು ಗಜ ಹೋಗಿರಬೇಕು. ಕೊನೆಗೆ ಅವಳಿಗೆ ಏದುಸಿರು ಬಂತು. "ಇದಕ್ಕಿಂತ ಬೇಗ ನಡೆದ್ರೆ ತುಳುಕುತ್ತೆ" ಎಂದಳು ಮೆ‍ಲ್ಲಗೆ. "ಇನ್ನು ನೀವುಂಟು, ನಿಮ್ಮ ಕಾರುಂಟು."

ಎರಡನೆಯ ಗೇರಿಗೆ ಹಾಕಿದೆ. ಹಾರನ್ ಹೊಡೆದೆ. ತಿರುಗಿಸಿದೆ.

ಇಳಿಜಾರಿನಲ್ಲಿ ಕಾರು ತಾನಾಗಿ ಓಡಿತು. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು, ಮುಂದಿನ ದಾರಿ ಅರ್ಧ ಕಂಡರೆ ಅರ್ಧ ಕಾಣುತ್ತಿರಲಿಲ್ಲ. ಬಸ್ಸು ಕಂಡಿತು, ಅದರ ಮೇಲೆ ನೀಲಿ ಟ್ರಂಕು ಕಂಡಿತು, ಗೆರೆಯ ಆಚೆ ಪಾಪಣ್ಣ ಮೇಷ್ಟ್ರು ಲಾಂದ್ರ ಹಿಡಿದು ನಿಂತಿದ್ದು ಕಂಡಿತು. ಬ್ರೇಕಿನ ಕಡೆ ಹೋಗುತ್ತಿದ್ದ ಕಾಲನ್ನು ಬೈದು ಹಿಂದಕ್ಕೆ ಕರೆದುಕೊಂಡೆ. ಗೆರೆ ದಾಟಿದೆ.

ಸೂರ್ಯ ಬಿದ್ದುಹೋದ. ಅಷ್ಟು ಹೊತ್ತು ನಿಂತು ಅವನಿಗೂ ಸಾಕಾಗಿತ್ತೆಂದು ಕಾಣುತ್ತದೆ, ಯಾವ ವರ್ಷವೂ ಅಷ್ಟು ರಭಸದಿಂದ ಬಿದ್ದದ್ದನ್ನು ನಾನು ನೋಡಿರಲಿಲ್ಲ. ಕತ್ತಲಲ್ಲಿ ಊರಿಗೆ ಊರೇ ಹೋ ಎಂದು ಕೂಗಿತು. ಟೆಂಟಿನ ಕಡೆ ಸಿಳ್ಳೆಗಳು ಕೇಳಿದವು. ಮೇಷ್ಟ್ರು ನನ್ನ ಕೈಗೆ ಲಾಂದ್ರ, ಬೆಂಕಿಪೊಟ್ಟಣ ಕೊಟ್ಟು, "ಹಚ್ಚು ಮಾರಾಯ" ಎಂದರು. ಮೊದಲ ಕಡ್ಡಿ ಮುರಿಯಿತು. ಎರಡನೆಯದನ್ನು ಗೀರುವಾಗ ಬಸ್ಸು ಹೊರಟಿತು. ಮಹಾಲಿಂಗ ರೈಟ್ ಎಂದು ಕೂಗಿದ್ದು ಕೇಳಿಸಿತು, ಬಸ್ಸಿನ ದೀಪ ನನ್ನ ಮುಖದ ಮೇಲೆ ಹಾದುಹೋಯಿತು, ಕಿಟಕಿಗಳಲ್ಲಿ ಯಾರು ಕೂತಿದ್ದಾರೆಂದು ಒಂದೂ ಕಾಣಲಿಲ್ಲ. ಕಡ್ಡಿ ಆರಿತು. ಬಸ್ಸಿನ ಹಿಂದಿನ ಕೆಂಪು ದೀಪ ಹೊಳೆಯ ಕಡೆ ಸಣ್ಣದಾಗುತ್ತ ಹೋಯಿತು. ಹೋದಳು ಎಂದುಕೊಂಡೆ.

ಮೂರನೆಯ ಕಡ್ಡಿ ಹತ್ತಿತು. ಲಾಂದ್ರ ಹಚ್ಚಿ ಎತ್ತಿ ಹಿಡಿದೆ. ಬೀದಿಯುದ್ದಕ್ಕೂ ಒಂದೊಂದೇ ಮನೆಯಲ್ಲಿ ದೀಪ ಹತ್ತಿಕೊಂಡಿತು. ಆ ಬೆಳಕಿನಲ್ಲಿ, ಇಳಿಜಾರಿನ ಕಡೆಯಿಂದ, ದೇವೀರಮ್ಮ ಕೊಡ ಹೊತ್ತುಕೊಂಡು ನಿಧಾನವಾಗಿ ನಡೆದು ಬರುತ್ತಿದ್ದಳು. ಒಂದು ಹನಿಯೂ ತುಳುಕಿರಲಿಲ್ಲ.

"ಯಾರಾದ್ರೂ ಕೊಡ ಇಳಿಸ್ಕೊಳ್ತೀರಾ, ಇಲ್ಲಾ ಮುಂದಿನ ವರ್ಷದ ತನಕ ಹೊತ್ಕೊಂಡೇ ಇರ್ಲಾ?" ಎಂದಳು.

ಲಾಂದ್ರವನ್ನು ಮೇಷ್ಟ್ರ ಕೈಗೆ ಕೊಟ್ಟು ನಾನು ಕೊಡ ಇಳಿಸಿದೆ. ಅವಳು ಬಾನೆಟ್ ಎತ್ತಿ, ಸೆರಗಿನಿಂದ ಮುಚ್ಚಳ ಹಿಡಿದು ತಿರುಗಿಸಿ, ಹಬೆಯೆಲ್ಲ ಹೋಗಲೆಂದು ಪಕ್ಕಕ್ಕೆ ಸರಿದು ನಿಂತು, ಆಮೇಲೆ ಕೊಡದ ನೀರನ್ನು ರೇಡಿಯೇಟರಿಗೆ ಸ್ವಲ್ಪ ಸ್ವಲ್ಪವಾಗಿ ಹೊಯ್ದಳು. ನಾನು ಕಲಿಸಿದ ಹಾಗೆಯೇ ಮಾಡಿದಳು.

"ಟ್ರಂಕು?" ಎಂದೆ.

"ಹೋಯ್ತಲ್ಲ ಈಗ, ಅಣ್ಣನ ಮನೆಗೆ. ಅದರ ತುಂಬ ಸಂಡಿಗೆ. ತವರಿಗೆ ಸಂಡಿಗೆ ಕಳಿಸ್ದೆ ಮದುವೆ ಆಗೋಕಾಗುತ್ತಾ? ಮೊದಲು ಸಂಡಿಗೆ, ಆಮೇಲೆ ಕಾಗದ. ನಿನ್ನೆನೇ ತಲುಪಬೇಕಿತ್ತು." ಅವಳು ಕೊಡವನ್ನು ಬೋರಲು ಹಾಕಿದಳು. "ಯಾರೋ ಪುಣ್ಯಾತ್ಮರು ಬಸ್ಸು ಹೊರಡೋಕೇ ಬಿಡಲಿಲ್ಲ."

ಊರಿಗೆಲ್ಲ ಗೊತ್ತಿರುವ ರೂಢಿ ನನಗೊಬ್ಬನಿಗೆ ಆ ದಿನ ನೆನಪಾಗಿರಲಿಲ್ಲ. ನನ್ನದೇ ಮದುವೆಯ ಸುದ್ದಿಯನ್ನು ನಾನೇ ಒಂದಿಡೀ ರಾತ್ರಿ ಬಸ್ಸಿನ ಮೇಲೆ ಕಟ್ಟಿ ಕೂರಿಸಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆನಂತೆ, ಪಾಪಣ್ಣ ಮೇಷ್ಟ್ರು ಹೇಳುತ್ತಾರೆ. ಊರಿನ ಮರ್ಯಾದೆ ಹೋದದ್ದು ಹಗಲು ಉದ್ದವಾದ್ದರಿಂದಲ್ಲವಂತೆ, ನಾನು ಅತ್ತದ್ದರಿಂದಲಂತೆ. ಅದೂ ಚರಿತ್ರೆಯಲ್ಲಿ ಇರಲಿ. ಆ ವರ್ಷದಿಂದ ನಮ್ಮೂರಿನ ಹಬ್ಬಗಳು ನಾಲ್ಕು ದಿನ ತಡ ಎಂಬುದನ್ನೂ ಇಲ್ಲೇ ಬರೆದಿಡುತ್ತೇನೆ.

ದೇವೀರಮ್ಮ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಓಡಿಸುವವರ ಬಾಗಿಲು ತೆಗೆದಳು. "ನೀವು ಆ ಕಡೆ ಕೂತ್ಕೊಳ್ಳಿ. ನಿಮ್ಮನ್ನ ನಂಬಿಕೊಂಡ್ರೆ ಮನೆ ಸೇರೋ ಹೊತ್ತಿಗೆ ಬೆಳಗಾಗುತ್ತೆ."

ನಾನು ಮೇಷ್ಟ್ರ ಕೈಯಿಂದ ಲಾಂದ್ರ ತೆಗೆದುಕೊಂಡು, ತೊಡೆಯ ಮೇಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕೂತೆ. ಟೆಂಟಿನಲ್ಲಿ ಸಿನಿಮಾ ಶುರುವಾಗಿತ್ತು, ಹಾಡು ಕೇಳುತ್ತಿತ್ತು. ಕಾರು ಇಳಿಜಾರನ್ನು ಹತ್ತಿ ಕೆರೆ ಏರಿಯ ಕಡೆ ಹೊರಟಿತು. ಕುರುಡು ತಿರುವು ಹತ್ತಿರ ಬಂತು, ಆಚೆ ಗಾಢವಾದ ಕತ್ತಲಿತ್ತು. ಅವಳು ಹಾರನ್ ಹೊಡೆದಳು. ನಾನು ನನ್ನ ಕಾಲನ್ನು ಬ್ರೇಕಿನ ಮೇಲಿಂದ ತೆಗೆದು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.